ಓದು ಒಂದು ಡಿಸ್ಕಿನಿಂದ, ಉಳಿವು ಇನ್ನೊಂದರಲ್ಲಿ: ಡಿಸ್ಕಾರ್ಡ್ ಡೇಟಾಬೇಸ್ ಸರ್ವರ್‌ಗಳ ಪ್ರಕರಣ

ಗೂಗಲ್ ಕ್ಲೌಡ್‌ನಲ್ಲಿ ವರ್ಚುವಲ್ ಸರ್ವರ್ ಪಡೆಯಲು ಹೊರಟವರಿಗೆ ಡಿಸ್ಕಿನ ವಿಷಯದಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣುತ್ತದೆ. ಒಂದು, ಸರ್ವರ್ ಓಡುವ ಭೌತಿಕ ಯಂತ್ರದಲ್ಲೇ ಕೂತಿರುವ ಲೋಕಲ್ ಎಸ್‌ಎಸ್‌ಡಿ. ಇನ್ನೊಂದು, ನೆಟ್‌ವರ್ಕ್‌ನ ಆಚೆ ಬೇರೆ ಯಂತ್ರಗಳ ಮೇಲೆ ಹರಡಿಕೊಂಡಿದ್ದರೂ ನಮ್ಮ ಸರ್ವರ್‌ಗೆ ಸ್ವಂತ ಡಿಸ್ಕಿನಂತೆಯೇ ಕಾಣುವ ಪರ್ಸಿಸ್ಟೆಂಟ್ ಡಿಸ್ಕ್. ಮೊದಲನೆಯದು ವೇಗದ್ದು, ಎರಡನೆಯದು ಭದ್ರವಾದದ್ದು. ಹೆಚ್ಚಿನ ಮಾರ್ಗದರ್ಶಿಗಳು ಇಷ್ಟು ಹೇಳಿ, ಅಗತ್ಯ ನೋಡಿ ಆರಿಸಿಕೊಳ್ಳಿ ಎಂದು ಕೈತೊಳೆದುಕೊಳ್ಳುತ್ತವೆ. ಡಿಸ್ಕಾರ್ಡ್ ಎಂಬ ಸಂದೇಶ ಸೇವೆಯ ಎಂಜಿನಿಯರ್‌ಗಳು ಆ ಆಯ್ಕೆಗೇ ಒಪ್ಪಲಿಲ್ಲ. ತಾವು ಕಟ್ಟಿಕೊಂಡ ಡಿಸ್ಕ್ ಜೋಡಣೆಯನ್ನು ಅವರು 2022ರ ಆಗಸ್ಟ್‌ನಲ್ಲಿ ಬಹಿರಂಗವಾಗಿ ವಿವರಿಸಿದರು. ಅದಕ್ಕೆ ಅವರಿಟ್ಟ ಹೆಸರು ಸೂಪರ್ ಡಿಸ್ಕ್. ಹೆಸರಿನಲ್ಲಿ ಸ್ವಲ್ಪ ಜಂಬವಿದೆ, ಆದರೆ ಒಳಗಿನ ಸಾಮಾನು ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಹಲವು ವರ್ಷಗಳಿಂದ ಬಿದ್ದಿದ್ದದ್ದೇ. ಡೇಟಾವನ್ನು ಎಲ್ಲಿಂದ ಓದಬೇಕು ಎಂಬುದನ್ನೂ ಎಲ್ಲಿ ಉಳಿಸಬೇಕು ಎಂಬುದನ್ನೂ ಬೇರೆ ಬೇರೆ ಪ್ರಶ್ನೆಗಳಾಗಿ ನೋಡಿದ್ದೇ ಅವರ ನಿಜವಾದ ಕೆಲಸ ಎಂದು ನನ್ನ ಎಣಿಕೆ.

ಹಿನ್ನೆಲೆ

ಡಿಸ್ಕಾರ್ಡ್ 2015ರ ಮೇ ತಿಂಗಳಲ್ಲಿ ಮುಖ್ಯವಾಗಿ ವಿಡಿಯೊ ಆಟಗಾರರಿಗಾಗಿ ಶುರುವಾಯಿತು. ಮೊದಲಿಗೆ ಸಂದೇಶಗಳೆಲ್ಲ ಮೊಂಗೋಡಿಬಿ ಎಂಬ ಡೇಟಾಬೇಸ್‌ನಲ್ಲಿದ್ದವು. ಅದೇ ವರ್ಷದ ನವೆಂಬರ್ ಹೊತ್ತಿಗೆ ಸಂದೇಶಗಳ ಸಂಖ್ಯೆ 10 ಕೋಟಿ ಮುಟ್ಟಿ, ಡೇಟಾ ಮತ್ತು ಅದನ್ನು ಹುಡುಕಿಕೊಡುವ ಇಂಡೆಕ್ಸ್ ಎರಡೂ ಮೆಮೊರಿಯಲ್ಲಿ ಹಿಡಿಯದಾದವು. ಆಗ ಅವರು ಕಸ್ಸಾಂಡ್ರಾ ಎಂಬ ವಿತರಿತ ಡೇಟಾಬೇಸ್‌ಗೆ ಹೋದರು. 2017ರಲ್ಲಿ ಅದಕ್ಕೆ 12 ನೋಡ್‌ಗಳು, ಅಂದರೆ ಒಟ್ಟಾಗಿ ದುಡಿಯುವ 12 ಸರ್ವರ್‌ಗಳು, ಸಾಕಾಗಿದ್ದವು. 2022ರ ಆರಂಭದಲ್ಲಿ ನೋಡ್‌ಗಳು 177 ಆಗಿದ್ದವು, ಸಂದೇಶಗಳು ಲಕ್ಷ ಕೋಟಿಗಳ ಲೆಕ್ಕ ದಾಟಿದ್ದವು. ಪ್ರತಿದಿನ 400 ಕೋಟಿ ಸಂದೇಶಗಳು ಹರಿಯುತ್ತಿದ್ದವು. ಡೇಟಾಬೇಸ್‌ಗಳ ಮೇಲೆ ಬೀಳುತ್ತಿದ್ದ ಕೋರಿಕೆ ಸೆಕೆಂಡಿಗೆ 20 ಲಕ್ಷದಷ್ಟು.

ಈ ನಡುವೆ ಅವರು ಒಂದೊಂದೇ ಡೇಟಾಬೇಸನ್ನು ಕಸ್ಸಾಂಡ್ರಾದಿಂದ ಸಿಲ್ಲಾಡಿಬಿಗೆ ಸಾಗಿಸುತ್ತಿದ್ದರು. ಸಿಲ್ಲಾಡಿಬಿ ಹೊರಗಿನಿಂದ ಕಸ್ಸಾಂಡ್ರಾದಂತೆಯೇ ಮಾತಾಡುತ್ತದೆ, ಒಳಗೆ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದದ್ದು. ಜಾವಾದಲ್ಲಿ ಬರೆದ ಕಸ್ಸಾಂಡ್ರಾ ಬಳಸಿ ಮುಗಿದ ಮೆಮೊರಿಯ ಕಸ ಗುಡಿಸುವಾಗ ಇಡೀ ಪ್ರೋಗ್ರಾಂ ನಿಂತುಬಿಡುವ ಕಾಟ ಅದಕ್ಕಿಲ್ಲ. ಪ್ರೊಸೆಸರ್‌ನ ಪ್ರತಿ ಕೋರ್‌ಗೂ ಡೇಟಾದ ಒಂದು ಪಾಲು ಹಂಚಿಕೊಟ್ಟು, ಆಪರೇಟಿಂಗ್ ಸಿಸ್ಟಂನ ಕ್ಯಾಷ್‌ ಅನ್ನು, ಅಂದರೆ ಪದೇಪದೇ ಬೇಕಾಗುವ ಡೇಟಾವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗವನ್ನು, ಬದಿಗಿಟ್ಟು ಡಿಸ್ಕಿನೊಂದಿಗೆ ನೇರವಾಗಿ ವ್ಯವಹರಿಸುತ್ತದೆ. ಅಂದರೆ ಸಾಫ್ಟ್‌ವೇರ್ ತನ್ನ ಪಾಲಿನ ತಡವನ್ನು ಕಳಚಿಕೊಂಡಷ್ಟೂ ಡಿಸ್ಕಿನ ತಡ ಬೆತ್ತಲಾಗಿ ಎದುರು ನಿಲ್ಲುತ್ತದೆ. ಡಿಸ್ಕಾರ್ಡ್‌ಗೆ ಆದದ್ದು ಅದೇ.

ಒಂದೆರಡು ಮಿಲಿಸೆಕೆಂಡ್

ಪರ್ಸಿಸ್ಟೆಂಟ್ ಡಿಸ್ಕಿನಿಂದ ಒಂದು ಸಣ್ಣ ಓದು ಮುಗಿಯಲು ಸುಮಾರು ಒಂದರಿಂದ ಎರಡು ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಕಸ್ಸಾಂಡ್ರಾ, ಸಿಲ್ಲಾಡಿಬಿಗಳ ಒಳರಚನೆ ನೋಡಿದರೆ ಆ ಅಂಕಿ ಹೇಗೆ ಬೆಳೆಯುತ್ತದೆ ಎಂದು ತಿಳಿಯುತ್ತದೆ. ಇವುಗಳಲ್ಲಿ ಬರೆಯುವುದು ಸುಲಭದ ಕೆಲಸ: ಹೊಸ ಸಾಲು ಮೆಮೊರಿಯಲ್ಲಿನ ಪಟ್ಟಿಗೂ ಡಿಸ್ಕಿನ ಲಾಗ್‌ ಕಡತದ ಕೊನೆಗೂ ಸೇರುತ್ತದೆ, ಪಟ್ಟಿ ತುಂಬಿದಾಗ ಒಟ್ಟಿಗೆ ಒಂದು ಕಡತವಾಗಿ ಇಳಿಯುತ್ತದೆ. ಹಾಗೆ ಇಳಿದ ಕಡತವನ್ನು ಮತ್ತೆ ತಿದ್ದುವುದಿಲ್ಲ. ಓದುವುದು ಮಾತ್ರ ದುಬಾರಿ. ಬೇಕಾದ ಸಾಲು ಹಲವು ಕಡತಗಳಲ್ಲಿ ಹಂಚಿಹೋಗಿರಬಹುದು. ಪ್ರತಿ ಕಡತದ ಇಂಡೆಕ್ಸ್ ನೋಡಿ, ಆಮೇಲೆ ಡೇಟಾ ತರಬೇಕು. ಒಂದರ ಉತ್ತರ ಬಂದ ಮೇಲಷ್ಟೇ ಇನ್ನೊಂದನ್ನು ಕೇಳಲು ಸಾಧ್ಯ. ಒಂದು ಕೋರಿಕೆಗೆ ಹೀಗೆ ಮೂರು ಓದು ಸಾಲಾಗಿ ಬಿದ್ದರೆ ಮೂರರಿಂದ ಆರು ಮಿಲಿಸೆಕೆಂಡ್ ಡಿಸ್ಕಿನ ಬಾಗಿಲಲ್ಲೇ ಕಳೆಯುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಡಿಸ್ಕ್ ಕೆಲಸಗಳು ಸರತಿ ನಿಲ್ಲುತ್ತವೆ, ಸರತಿ ನಿಂತಾಗ ತಡ ಮಿತಿಮೀರುತ್ತದೆ. ಡಿಸ್ಕಾರ್ಡ್‌ನವರು ಕಂಡದ್ದು ಈ ಸರತಿಯನ್ನೇ.

ಸಂದೇಶ ಸೇವೆಯ ಓದು ಬೇರೆ ಯಾವ ಓದಿಗಿಂತಲೂ ಚೆಲ್ಲಾಪಿಲ್ಲಿ. ಅವರ ಕೋಷ್ಟಕದಲ್ಲಿ ಒಂದು ಚಾನೆಲ್‌ನ ಸಂದೇಶಗಳನ್ನು ಹತ್ತು ದಿನಗಳ ಕಂತುಗಳಾಗಿ ಕತ್ತರಿಸಿ ಇಡಲಾಗಿತ್ತು. ಸದಾ ಗಿಜಿಗುಡುವ ಚಾನೆಲ್‌ನಲ್ಲಿ ಐವತ್ತು ಸಂದೇಶ ಬೇಕೆಂದರೆ ಒಂದೇ ಕಂತು ಸಾಕು. ತಿಂಗಳಿಗೊಮ್ಮೆ ಯಾರೋ ಒಂದು ಮಾತಾಡುವ ಸಣ್ಣ ಗುಂಪಿನಲ್ಲಿ ಅದೇ ಐವತ್ತಕ್ಕಾಗಿ ಎಷ್ಟೋ ಕಂತುಗಳನ್ನು ತಡಕಬೇಕು, ಮತ್ತು ಅವು ಯಾವ ಕ್ಯಾಷ್‌ನಲ್ಲೂ ಇರುವುದಿಲ್ಲ. ಹಳೆಯ ಸಂದೇಶ ಹುಡುಕುವ ಒಬ್ಬನಿಗೆ ತಡವಾದರೆ ಆಗಲಿ ಎನ್ನುವಂತಿಲ್ಲ. ಅವನ ಕೋರಿಕೆ ಅದೇ ನೋಡ್‌ನಲ್ಲಿ ಉಳಿದವರ ಕೋರಿಕೆಯನ್ನೂ ಹಿಡಿದು ನಿಲ್ಲಿಸುತ್ತದೆ.

ಹಾಗಾದರೆ ಲೋಕಲ್ ಎಸ್‌ಎಸ್‌ಡಿಯನ್ನೇ ಹಾಕಿಬಿಡಬಾರದೇಕೆ?

ಸಿಲ್ಲಾಡಿಬಿಯ ತಯಾರಕರೇ ಲೋಕಲ್ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಡಿಸ್ಕಿರುವ ಸರ್ವರ್‌ಗಳನ್ನು ಶಿಫಾರಸು ಮಾಡುತ್ತಾರೆ. ಅಮೆಜಾನ್‌ನಲ್ಲಿ ಐ3ಇಎನ್, ಐ4ಐ ಮಾದರಿಗಳು. ಗೂಗಲ್‌ನಲ್ಲಿ ಲೋಕಲ್ ಎಸ್‌ಎಸ್‌ಡಿ ಸೇರಿಸಿದ ಎನ್2 ಹೈಮೆಮ್. ಅವರ ವಾದ ಸರಳ: ಪ್ರತಿ ಸಾಲಿಗೂ ಮೂರು ಪ್ರತಿಗಳು ಮೂರು ನೋಡ್‌ಗಳಲ್ಲಿವೆ, ಒಂದು ನೋಡ್ ಸತ್ತರೆ ಉಳಿದೆರಡರಿಂದ ಮತ್ತೆ ಕಟ್ಟಿಕೊಂಡರಾಯಿತು. ಪ್ರತಿಗಳನ್ನು ಇಡುವುದು ಡೇಟಾಬೇಸ್‌ನ ಹೊಣೆ ಆಗಿರುವಾಗ ಡಿಸ್ಕ್ ಕೂಡ ತನ್ನದೊಂದಿಷ್ಟು ಪ್ರತಿ ಇಡುವುದು ದುಂದು.

ವಾದ ಸರಿಯೇ, ಅರ್ಧದವರೆಗೆ. ಗೂಗಲ್‌ನ ಲೋಕಲ್ ಎಸ್‌ಎಸ್‌ಡಿಯಲ್ಲಿರುವ ಡೇಟಾ ಸರ್ವರ್ ರೀಬೂಟ್ ಆದರೆ ಉಳಿಯುತ್ತದೆ. ಗೂಗಲ್ ತನ್ನ ದುರಸ್ತಿಗಾಗಿ ಓಡುತ್ತಿರುವ ಸರ್ವರನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಿದರೂ ಉಳಿಯುತ್ತದೆ. ಭೌತಿಕ ಯಂತ್ರವೇ ಕೆಟ್ಟು ಸರ್ವರ್ ಬೇರೆಡೆ ಎದ್ದರೆ ಡಿಸ್ಕ್ ಖಾಲಿ. ಯಾರೋ ಸರ್ವರನ್ನು ಸಾಮಾನ್ಯ ರೀತಿಯಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದರೂ ಖಾಲಿ. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಲ್ಲಿಸುವ ಗುಂಡಿ ಒತ್ತಲು ಯಂತ್ರ ಕೆಡಬೇಕಾಗಿಲ್ಲ, ಆತುರದಲ್ಲಿರುವ ಒಬ್ಬ ಮನುಷ್ಯ ಸಾಕು.

ಮೂರರಲ್ಲಿ ಒಂದು ಪ್ರತಿ ಹೋದಾಗ ಕ್ವೋರಮ್‌ಗೆ, ಅಂದರೆ ಉತ್ತರ ಒಪ್ಪಲು ಬೇಕಾದ ಬಹುಮತಕ್ಕೆ, ಸಾಕಾಗುವ ಎರಡು ಉಳಿದಿರುತ್ತವೆ, ಸೇವೆ ನಿಲ್ಲುವುದಿಲ್ಲ. ಹೊಸ ನೋಡ್‌ಗೆ ಹಲವು ಟೆರಾಬೈಟ್ ತುಂಬಿಕೊಳ್ಳುವ ಗಂಟೆಗಳಲ್ಲಿ, ಅದಕ್ಕೆ ಡೇಟಾ ಉಣಿಸುತ್ತಿರುವ ನೆರೆ ನೋಡ್‌ಗಳೇ ಬಳಕೆದಾರರ ಭಾರವನ್ನೂ ಹೊತ್ತಿರುತ್ತವೆ. ಆಗ ಎರಡನೆಯದೊಂದು ಹೋದರೆ ಆ ಭಾಗದ ಡೇಟಾಗೆ ಕ್ವೋರಮ್ ಇಲ್ಲ. ಹತ್ತು ನೋಡ್‌ಗಳ ಕ್ಲಸ್ಟರ್‌ನಲ್ಲಿ ಇದು ಅಪರೂಪದ ಮಾತು. ನೂರಾರು ನೋಡ್‌ಗಳು ವರ್ಷವಿಡೀ ಓಡುವಲ್ಲಿ ಇದು ಬರುತ್ತದೋ ಇಲ್ಲವೋ ಎಂಬುದಲ್ಲ, ಯಾವಾಗ ಬರುತ್ತದೆ ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ತೊಡಕು ಬ್ಯಾಕಪ್‌ನದು. ಪರ್ಸಿಸ್ಟೆಂಟ್ ಡಿಸ್ಕ್ ಕೊಡುವ ಸ್ನ್ಯಾಪ್‌ಶಾಟ್ ಸೌಲಭ್ಯ, ಅಂದರೆ ಒಂದು ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೇ ಹಿಡಿದಿಡುವ ಅನುಕೂಲ, ಲೋಕಲ್ ಎಸ್‌ಎಸ್‌ಡಿಗೆ ಇಲ್ಲ. ಡಿಸ್ಕಾರ್ಡ್‌ನ ಬ್ಯಾಕಪ್ ನಿಂತಿದ್ದದ್ದೇ ಅದರ ಮೇಲೆ. ತಪ್ಪು ಆದೇಶವೊಂದು ಕೋಷ್ಟಕವನ್ನು ಅಳಿಸಿದರೆ ಮೂರೂ ಪ್ರತಿಗಳಲ್ಲಿ ಅದು ವಿಧೇಯವಾಗಿ ಅಳಿದುಹೋಗುತ್ತದೆ. ಪ್ರತಿಗಳಿವೆ ಎಂದು ಬ್ಯಾಕಪ್ ಬಿಟ್ಟವರಿಗೆ ಇದು ತಡವಾಗಿ ತಿಳಿಯುವ ಸತ್ಯ.

ಹೀಗೆ ಅವರ ಷರತ್ತುಗಳು ಗಟ್ಟಿಯಾದವು: ಗೂಗಲ್ ಕ್ಲೌಡ್ ಬಿಡುವಂತಿಲ್ಲ, ಸ್ನ್ಯಾಪ್‌ಶಾಟ್ ಬಿಡುವಂತಿಲ್ಲ, ಸೇವೆಯ ಲಭ್ಯತೆ ಕುಗ್ಗುವಂತಿಲ್ಲ, ಡಿಸ್ಕಿನ ಉಳಿದೆಲ್ಲ ಗುಣಗಳಿಗಿಂತ ಓದಿನ ವೇಗ ಮೇಲು. ಈ ಕೊನೆಯ ಷರತ್ತೇ ದಾರಿ ತೆರೆದದ್ದು. ಬರಹದ ವೇಗ ಅವರ ಪಟ್ಟಿಯಲ್ಲಿ ಇರಲಿಲ್ಲ. ಬರಹ ಮೊದಲು ಮೆಮೊರಿಗೆ ಹೋಗುವ ಡೇಟಾಬೇಸ್‌ನಲ್ಲಿ ಡಿಸ್ಕಿಗೆ ಬರೆಯಲು ಎರಡು ಮಿಲಿಸೆಕೆಂಡ್ ಹಿಡಿದರೂ ಬಳಕೆದಾರನಿಗೆ ಅದು ಬಹುಮಟ್ಟಿಗೆ ಕಾಣುವುದೇ ಇಲ್ಲ.

ಕ್ಯಾಷ್ ಕೈಕೊಟ್ಟದ್ದು

ಮೊದಲು ಯಾರಿಗಾದರೂ ತೋಚುವುದು ಕ್ಯಾಷ್: ಹಿಂದೆ ಪರ್ಸಿಸ್ಟೆಂಟ್ ಡಿಸ್ಕ್, ಮುಂದೆ ಲೋಕಲ್ ಎಸ್‌ಎಸ್‌ಡಿ. ಲಿನಕ್ಸ್‌ನಲ್ಲಿ ಇದಕ್ಕೆ ಡಿಎಂ-ಕ್ಯಾಷ್, ಎಲ್‌ವಿಎಂ-ಕ್ಯಾಷ್, ಬಿ-ಕ್ಯಾಷ್ ಎಂಬ ಸಿದ್ಧ ಸೌಲಭ್ಯಗಳಿವೆ. ಡಿಸ್ಕಾರ್ಡ್‌ನವರು ಈ ದಾರಿಯನ್ನು ಪರೀಕ್ಷಿಸಿ ಕೈಬಿಟ್ಟರು. ಲೋಕಲ್ ಎಸ್‌ಎಸ್‌ಡಿಯಲ್ಲಿ ಆಗೊಮ್ಮೆ ಈಗೊಮ್ಮೆ ಕೆಟ್ಟ ಸೆಕ್ಟರ್‌ ಎದುರಾಗುತ್ತದೆ, ಅಂದರೆ ಓದಲು ಬಾರದ ಒಂದು ತುಣುಕು. ಕ್ಯಾಷ್‌ನಲ್ಲಿ ಅಂಥದ್ದು ಸಿಕ್ಕಾಗ ಈ ಸೌಲಭ್ಯಗಳು ಹಿಂದಿನ ಡಿಸ್ಕಿನಿಂದ ಸರಿಯಾದ ಪ್ರತಿ ತಂದು ಕೆಟ್ಟದ್ದನ್ನು ದುರಸ್ತಿ ಮಾಡುವುದಿಲ್ಲ. ಓದು ವಿಫಲವಾಯಿತು ಎಂದು ನೇರವಾಗಿ ಡೇಟಾಬೇಸ್‌ಗೆ ಹೇಳಿಬಿಡುತ್ತವೆ. ಡಿಸ್ಕ್ ದೋಷ ಕಂಡ ಡೇಟಾಬೇಸ್ ಹುಷಾರಿನಿಂದ ತಾನೇ ಹಿಂದೆ ಸರಿಯುತ್ತದೆ. ಒಳ್ಳೆಯ ಪ್ರತಿ ಪಕ್ಕದಲ್ಲೇ ಇರುವಾಗ ಇಡೀ ನೋಡ್ ಮಲಗುವುದು ಅಸಂಬದ್ಧ.

ಈ ಅಸಂಬದ್ಧತೆಗೆ ಉತ್ತರವಿದ್ದದ್ದು ಕ್ಯಾಷ್‌ನಲ್ಲಲ್ಲ, ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ರೇಡ್‌ನಲ್ಲಿ. ಲಿನಕ್ಸ್‌ನ ಎಂಡಿ ಎಂಬ ಸಾಫ್ಟ್‌ವೇರ್ ರೇಡ್‌ನ ಕನ್ನಡಿ ಜೋಡಣೆಯಲ್ಲಿ, ಅಂದರೆ ಎರಡು ಡಿಸ್ಕುಗಳಲ್ಲೂ ಅದೇ ಡೇಟಾ ಇಡುವ ರೇಡ್ 1ರಲ್ಲಿ, ಒಂದು ಡಿಸ್ಕ್ ಓದಲು ತಪ್ಪಿದರೆ ಇನ್ನೊಂದರಿಂದ ಓದಿ, ತಪ್ಪಿದ ಜಾಗಕ್ಕೆ ಸರಿಯಾದದ್ದನ್ನು ಮತ್ತೆ ಬರೆಯುವ ವ್ಯವಸ್ಥೆ ಇದೆ. ಅದೇ ಎಂಡಿಯಲ್ಲಿ ಇನ್ನೊಂದು ಸಣ್ಣ ಗುರುತೂ ಇದೆ: ಜೋಡಿಯಲ್ಲಿ ಒಂದನ್ನು 'ಹೆಚ್ಚಾಗಿ ಬರೆಯಲು ಮಾತ್ರ' ಎಂದು ಗುರುತಿಸಬಹುದು. ಹಾಗೆ ಗುರುತಿಸಿದ ಡಿಸ್ಕಿಗೆ ಎಲ್ಲ ಬರಹವೂ ಹೋಗುತ್ತದೆ, ಬೇರೆ ದಾರಿ ಇಲ್ಲದಾಗ ಮಾತ್ರ ಅದರಿಂದ ಓದಲಾಗುತ್ತದೆ. ನಿಧಾನದ ಡಿಸ್ಕನ್ನು ವೇಗದ ಡಿಸ್ಕಿಗೆ ಜೊತೆಗೂಡಿಸುವವರನ್ನು ಮನಸ್ಸಿನಲ್ಲಿಟ್ಟೇ ಯಾರೋ ಇದನ್ನು ಬರೆದಿರಬೇಕು.

ಜೋಡಣೆ ಹೀಗಾಯಿತು. ಹಲವು ಲೋಕಲ್ ಎಸ್‌ಎಸ್‌ಡಿಗಳನ್ನು ರೇಡ್ 0 ಮೂಲಕ ಒಂದೇ ದೊಡ್ಡ ಡಿಸ್ಕಾಗಿ ಹೊಲಿದರು. ಅದನ್ನೂ ಒಂದು ಪರ್ಸಿಸ್ಟೆಂಟ್ ಡಿಸ್ಕನ್ನೂ ರೇಡ್ 1ರಲ್ಲಿ ಕನ್ನಡಿಯಾಗಿಸಿ, ಪರ್ಸಿಸ್ಟೆಂಟ್ ಡಿಸ್ಕಿಗೆ 'ಹೆಚ್ಚಾಗಿ ಬರೆಯಲು ಮಾತ್ರ' ಎಂಬ ಗುರುತು ಹಾಕಿದರು. ಓದು ಲೋಕಲ್ ವೇಗದಲ್ಲಿ, ಬರಹ ನೆಟ್‌ವರ್ಕ್ ವೇಗದಲ್ಲಿ, ಸ್ನ್ಯಾಪ್‌ಶಾಟ್ ಎಂದಿನಂತೆ ಪರ್ಸಿಸ್ಟೆಂಟ್ ಡಿಸ್ಕಿನಿಂದ. ಆ ಮೇಲೆ ದಟ್ಟಣೆಯ ಹೊತ್ತಿನಲ್ಲೂ ಡಿಸ್ಕ್ ಕೆಲಸಗಳು ಸರತಿ ನಿಲ್ಲುವುದು ತಪ್ಪಿತು.

ಲೆಕ್ಕ

ಈ ವಿನ್ಯಾಸವನ್ನು ನಕಲು ಮಾಡಬಯಸುವವರು ಕೂತು ಹಾಕಬೇಕಾದ ಲೆಕ್ಕಗಳು ಕೆಲವಿವೆ. ಇಲ್ಲಿಂದ ಮುಂದಿನದು ಹೆಚ್ಚಾಗಿ ನನ್ನ ಲೆಕ್ಕ, ಡಿಸ್ಕಾರ್ಡ್‌ನದಲ್ಲ.

ಆಗಿನ ಎನ್2 ಸರ್ವರ್‌ಗಳಲ್ಲಿ ಒಂದು ಲೋಕಲ್ ಎಸ್‌ಎಸ್‌ಡಿಯ ಅಳತೆ 375 ಜಿಬಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹೆಚ್ಚೆಂದರೆ 24 ಸೇರಿಸಬಹುದು. ಗುಣಿಸಿದರೆ 9,000 ಜಿಬಿ. ಡಿಸ್ಕಾರ್ಡ್ ತನ್ನ ಸಂದೇಶಗಳ ಸಿಲ್ಲಾಡಿಬಿ ನೋಡ್‌ಗಳಿಗೆ ತಲಾ 9 ಟಿಬಿ ಎಂದು ಹೇಳಿದೆ. ಎರಡು ಅಂಕಿಗಳೂ ಇಷ್ಟು ಸರಿಯಾಗಿ ಹೊಂದುವುದು ಆಕಸ್ಮಿಕವಿರಲಾರದು ಎಂಬುದು ನನ್ನ ಊಹೆ. ನೋಡ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಡೇಟಾಬೇಸ್ ತಜ್ಞರು ತೀರ್ಮಾನಿಸುತ್ತಾರೆ ಎಂದುಕೊಂಡಿರುತ್ತೇವೆ, ಎಷ್ಟೋ ಸಲ ತೀರ್ಮಾನಿಸುವುದು ಕ್ಲೌಡ್ ಕಂಪನಿಯ ಪಟ್ಟಿ. ಅಗ್ಗವೆಂದು ಇ2 ಸರ್ವರ್ ಹಿಡಿದವರಿಗೆ ಈ ದಾರಿಯೇ ಇಲ್ಲ, ಅದಕ್ಕೆ ಲೋಕಲ್ ಎಸ್‌ಎಸ್‌ಡಿ ಸೇರಿಸಲು ಬರುವುದಿಲ್ಲ.

ಓದಿನ ಸಾಮರ್ಥ್ಯದಲ್ಲಿ ಎರಡಕ್ಕೂ ಅಜಗಜಾಂತರ. 24 ಲೋಕಲ್ ಡಿಸ್ಕುಗಳು ಸೇರಿ ಸೆಕೆಂಡಿಗೆ 24 ಲಕ್ಷ ಓದುಗಳವರೆಗೆ ಕೊಡಬಲ್ಲವು. ಎಸ್‌ಎಸ್‌ಡಿ ದರ್ಜೆಯ ಪರ್ಸಿಸ್ಟೆಂಟ್ ಡಿಸ್ಕ್ ಅತಿ ದೊಡ್ಡ ಎನ್2 ಸರ್ವರ್‌ನಲ್ಲೂ 1 ಲಕ್ಷಕ್ಕೆ ನಿಲ್ಲುತ್ತದೆ. ಸಾಗಣೆ ಸೆಕೆಂಡಿಗೆ 1,200 ಎಂಬಿ. ಬರಹವೆಲ್ಲ ಈ ಸಣ್ಣ ಬಾಗಿಲಿನಲ್ಲೇ ಹಾಯಬೇಕು ಎಂಬುದನ್ನು ಮರೆಯುವಂತಿಲ್ಲ. ಬಳಕೆದಾರರ ಬರಹ ಅದರಲ್ಲಿ ಸಣ್ಣ ಪಾಲು. ಹಳೆಯ ಕಡತಗಳನ್ನು ಸೇರಿಸಿ ಹೊಸದಾಗಿ ಬರೆಯುವ ಕಂಪ್ಯಾಕ್ಷನ್ ಕೆಲಸ ಒಂದೇ ಡೇಟಾವನ್ನು ಅದರ ಆಯುಷ್ಯದಲ್ಲಿ ಹಲವು ಸಲ ಬರೆಸುತ್ತದೆ. ಸೆನ್ಸರ್ ಮಾಹಿತಿಯಂತೆ ಓದು ಕಡಿಮೆ, ಬರಹ ವಿಪರೀತ ಇರುವ ಕಡೆ ಸೂಪರ್ ಡಿಸ್ಕ್ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು.

ಬೆಲೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ವೇಗದ ಲೋಕಲ್ ಎಸ್‌ಎಸ್‌ಡಿಯೇ ಅಗ್ಗ. ಆ ಕಾಲದ ಅಮೆರಿಕದ ಪಟ್ಟಿ ಬೆಲೆಯಲ್ಲಿ ತಿಂಗಳಿಗೆ ಒಂದು ಜಿಬಿಗೆ ಅದು ಸುಮಾರು 8 ಸೆಂಟ್, ಎಸ್‌ಎಸ್‌ಡಿ ದರ್ಜೆಯ ಪರ್ಸಿಸ್ಟೆಂಟ್ ಡಿಸ್ಕ್ 17 ಸೆಂಟ್. 9 ಟಿಬಿಯ ಒಂದು ನೋಡ್‌ಗೆ ಲೋಕಲ್ 720 ಡಾಲರ್, ಪರ್ಸಿಸ್ಟೆಂಟ್ 1,530 ಡಾಲರ್. ಅಂದರೆ ಮೊದಲೇ ಪರ್ಸಿಸ್ಟೆಂಟ್ ಡಿಸ್ಕಿಗೆ ಹಣ ಕಟ್ಟುತ್ತಿದ್ದವರಿಗೆ ವೇಗದ ಓದು ಸಿಕ್ಕಿದ್ದು ಇನ್ನರ್ಧ ಬೆಲೆಗೆ. ಲೋಕಲ್ ಮಾತ್ರ ಬಳಸುತ್ತಿದ್ದವರಿಗೆ ಅದೇ ಜೋಡಣೆ ಮೂರು ಪಟ್ಟು ಖರ್ಚು. ಒಂದೇ ವಿನ್ಯಾಸ ಒಬ್ಬರಿಗೆ ಅಗ್ಗವಾಗಿ ಇನ್ನೊಬ್ಬರಿಗೆ ದುಬಾರಿಯಾಗಿ ಕಾಣುವುದು ಹೀಗೆ. ಓದು ಹೇಗೂ ಅಲ್ಲಿಂದಲ್ಲ ಎಂದಾದರೆ 10 ಸೆಂಟಿನ ಬ್ಯಾಲೆನ್ಸ್ಡ್ ದರ್ಜೆಯ ಪರ್ಸಿಸ್ಟೆಂಟ್ ಡಿಸ್ಕ್ ಸಾಕಲ್ಲವೇ ಎಂದು ಕೇಳಬಹುದು. ಜಿಬಿಗೆ 6ರಂತೆ 9 ಟಿಬಿಗೆ ಸೆಕೆಂಡಿಗೆ ಸುಮಾರು 54,000 ಕೆಲಸಗಳ ಮಿತಿ ಅದರದು. ಮಾಮೂಲಿ ದಿನಕ್ಕೆ ಧಾರಾಳ ಸಾಕು. ಸಾಲದ ದಿನವೆಂದರೆ ಲೋಕಲ್ ಡಿಸ್ಕ್ ಖಾಲಿಯಾದ ದಿನ.

ಆ ದಿನದ ಲೆಕ್ಕವನ್ನೇ ಹೆಚ್ಚಿನವರು ಹಾಕುವುದಿಲ್ಲ. ಸರ್ವರ್ ಹೊಸ ಯಂತ್ರದಲ್ಲಿ ಏಳುತ್ತದೆ. ಪರ್ಸಿಸ್ಟೆಂಟ್ ಡಿಸ್ಕ್ ತುಂಬಿದೆ, ಲೋಕಲ್ ಡಿಸ್ಕುಗಳು ಖಾಲಿ. ರೇಡ್ 0 ಮತ್ತೆ ಕಟ್ಟಬೇಕು, ಅದನ್ನು ಕನ್ನಡಿಗೆ ಹೊಸ ಸದಸ್ಯನಂತೆ ಸೇರಿಸಬೇಕು, 9 ಟಿಬಿ ನಕಲಾಗಬೇಕು. ನಕಲಾಗುವಷ್ಟು ಹೊತ್ತೂ ಓದು ಪರ್ಸಿಸ್ಟೆಂಟ್ ಡಿಸ್ಕಿನಿಂದ, ಹಳೆಯ ನಿಧಾನದಲ್ಲಿ, ಅದೂ ನಕಲಿನ ಕೆಲಸದೊಂದಿಗೆ ಹಂಚಿಕೊಂಡು. ಸೆಕೆಂಡಿಗೆ 1,200 ಎಂಬಿ ಪೂರ್ತಿ ನಕಲಿಗೇ ಸಿಕ್ಕರೆ 7,500 ಸೆಕೆಂಡ್, ಎರಡು ಗಂಟೆಗೆ ಸ್ವಲ್ಪ ಮೇಲೆ. ಆದರೆ ಲಿನಕ್ಸ್ ರೇಡ್ ನಕಲಿನ ವೇಗಕ್ಕೆ ತಾನಾಗಿ ಇಟ್ಟುಕೊಂಡಿರುವ ಗರಿಷ್ಠ ಮಿತಿ ಸೆಕೆಂಡಿಗೆ ಸುಮಾರು 200 ಎಂಬಿ. ಅದನ್ನು ಹಾಗೇ ಬಿಟ್ಟರೆ ಹನ್ನೆರಡೂವರೆ ಗಂಟೆ. ಮಿತಿ ಏರಿಸಿದರೆ ಓದುಗರಿಗೆ ಕಷ್ಟ, ಇಳಿಸಿದರೆ ಕಷ್ಟದ ಅವಧಿ ಉದ್ದ. ಇಲ್ಲಿ ವಿತರಿತ ಡೇಟಾಬೇಸ್ ಆಗಿರುವುದೇ ಕೈಹಿಡಿಯುತ್ತದೆ: ಆ ನೋಡ್‌ನ ಹೊರೆಯನ್ನು ಉಳಿದ ಎರಡು ಪ್ರತಿಗಳ ಕಡೆ ತಿರುಗಿಸಿ, ನಕಲನ್ನು ಪೂರ್ತಿ ವೇಗದಲ್ಲಿ ಓಡಿಸಬಹುದು. ಅಷ್ಟಾದರೂ ನೆರೆಯವರಿಂದ ನೆಟ್‌ವರ್ಕ್ ಮೂಲಕ 9 ಟಿಬಿ ಬೇಡಿ ತರುವುದಕ್ಕಿಂತ ಇದು ಹಗುರ, ಏಕೆಂದರೆ ಆ ನೋಡ್‌ನ ಡೇಟಾ ಎಂದೂ ಕಳೆದಿರಲೇ ಇಲ್ಲ.

ಪರ್ಸಿಸ್ಟೆಂಟ್ ಡಿಸ್ಕ್ ಒಂದೇ ಇರಬೇಕೆಂಬುದಕ್ಕೂ ಕಾರಣವಿದೆ. ವೇಗ ಹೆಚ್ಚಲಿ ಎಂದು ಎರಡು ಮೂರನ್ನು ಹೊಲಿದರೆ, ಪ್ರತ್ಯೇಕವಾಗಿ ತೆಗೆದ ಸ್ನ್ಯಾಪ್‌ಶಾಟ್‌ಗಳು ಒಂದೇ ಕ್ಷಣದವಾಗಿರುವುದಿಲ್ಲ. ಹೊಂದದ ತುಂಡುಗಳಿಂದ ಫೈಲ್ ಸಿಸ್ಟಂ ಎದ್ದು ಕೂರುತ್ತದೆಂದು ನಂಬುವುದು ಧೈರ್ಯವಲ್ಲ.

ಫಲಿತಾಂಶ, ಅದರ ಮಿತಿ

2022ರ ಮೇ ತಿಂಗಳಲ್ಲಿ ಡಿಸ್ಕಾರ್ಡ್‌ನ ಅತಿ ದೊಡ್ಡ ಕ್ಲಸ್ಟರ್, ಸಂದೇಶಗಳದ್ದು, ಸಿಲ್ಲಾಡಿಬಿಗೆ ಸಾಗಿತು. ಅಲ್ಲೂ ಇದೇ ಡಿಸ್ಕ್ ಜೋಡಣೆ. ಡೇಟಾ ಸಾಗಿಸಲು ಮೂರು ತಿಂಗಳು ಬೇಕೆಂಬ ಅಂದಾಜಿತ್ತು. ಸಾಗಣೆಯ ಪ್ರೋಗ್ರಾಂ ಅನ್ನು ರಸ್ಟ್ ಭಾಷೆಯಲ್ಲಿ ಮತ್ತೆ ಬರೆದ ಮೇಲೆ ಸೆಕೆಂಡಿಗೆ 32 ಲಕ್ಷ ಸಂದೇಶಗಳಂತೆ ಒಂಬತ್ತು ದಿನಗಳಲ್ಲಿ ಮುಗಿಯಿತು. 177 ನೋಡ್‌ಗಳ ಜಾಗದಲ್ಲಿ 72 ಉಳಿದವು. ಕಸ್ಸಾಂಡ್ರಾದಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಹಳೆಯ ಸಂದೇಶಗಳ ಓದು ಮುಗಿಯಲು 40ರಿಂದ 125 ಮಿಲಿಸೆಕೆಂಡ್ ಹಿಡಿಯುತ್ತಿದ್ದದ್ದು 15ಕ್ಕೆ ಇಳಿಯಿತು.

ಈ ಇಳಿಕೆಯ ಶ್ರೇಯಸ್ಸನ್ನೆಲ್ಲ ಡಿಸ್ಕಿಗೆ ಕಟ್ಟುವುದು ಅನ್ಯಾಯ. ಅದೇ ಹೊತ್ತಿಗೆ ಡೇಟಾಬೇಸ್ ಬದಲಾಯಿತು. ಅದಕ್ಕೂ ಮುಂದೆ ಒಂದು ಪದರ ಬಂತು: ಒಂದೇ ಸಂದೇಶವನ್ನು ಏಕಕಾಲಕ್ಕೆ ನೂರಾರು ಜನ ಕೇಳಿದರೆ ಡೇಟಾಬೇಸ್‌ಗೆ ಒಂದೇ ಕೋರಿಕೆ ಕಳಿಸಿ ಉತ್ತರವನ್ನು ಎಲ್ಲರಿಗೂ ಹಂಚುವ ಸೇವೆ. ಯಾವ ಡಿಸ್ಕೂ ಮಾಡಲಾಗದ ಕೆಲಸ ಅದು. ಒಂದೇ ಚಾನೆಲ್‌ಗೆ ಎಲ್ಲರೂ ಮುಗಿಬೀಳುವ ರೋಗಕ್ಕೆ ಮದ್ದು ಡಿಸ್ಕಿನಲ್ಲಿಲ್ಲ.

ಬೆಂಗಳೂರಿನಲ್ಲಿ ಕೂತು ಕ್ಲೌಡ್‌ನ ಮುಂಬೈ ಪ್ರದೇಶದಲ್ಲಿ ಆರೇಳು ನೋಡ್‌ಗಳ ಕ್ಲಸ್ಟರ್ ನಡೆಸುವ ತಂಡಕ್ಕೆ ಇದೆಲ್ಲ ಬೇಕೇ? ನೋಡ್‌ಗೆ ಒಂದು ಟಿಬಿ ಒಳಗಿದ್ದು, ಹೆಚ್ಚು ಓದುವ ಡೇಟಾ ಮೆಮೊರಿಯಲ್ಲೇ ಹಿಡಿಯುವುದಾದರೆ ನಾನಂತೂ ನೆಟ್‌ವರ್ಕ್ ಡಿಸ್ಕನ್ನೇ ಇಟ್ಟು, ಉಳಿದ ಹಣವನ್ನು ಮೆಮೊರಿಗೆ ಹಾಕುತ್ತೇನೆ. ಮೆಮೊರಿ ಸಾಲದಾದಾಗ, ಬ್ಯಾಕಪ್ ಅನ್ನು ಡೇಟಾಬೇಸ್ ಮಟ್ಟದಲ್ಲೇ ಕ್ಲೌಡ್‌ನ ಕಡತ ಉಗ್ರಾಣವಾದ ಆಬ್ಜೆಕ್ಟ್ ಸ್ಟೋರೇಜ್‌ಗೆ ಕಳಿಸುವ ವ್ಯವಸ್ಥೆ ಇದ್ದರೆ, ಆ ಪ್ರದೇಶದ ಮೂರು ಪ್ರತ್ಯೇಕ ವಲಯಗಳಲ್ಲಿ ಲೋಕಲ್ ಡಿಸ್ಕ್ ಮಾತ್ರ ಸಾಕು. ಸೂಪರ್ ಡಿಸ್ಕ್ ಬರುವುದು ಅದರಾಚೆ: ನೋಡ್ ದೊಡ್ಡದು, ಓದು ಚೆಲ್ಲಾಪಿಲ್ಲಿ, ಸ್ನ್ಯಾಪ್‌ಶಾಟ್ ಬಿಡಲಾಗದು ಎಂಬಲ್ಲಿ.

ಅಮೆಜಾನ್‌ನಲ್ಲಿ ಇದನ್ನೇ ಕಟ್ಟುವವರು ಜಿಪಿ3 ಎಂಬ ನೆಟ್‌ವರ್ಕ್ ಡಿಸ್ಕಿನ ಒಂದು ಸಾಲನ್ನು ಗಮನಿಸಬೇಕು. ಅದು ಅಳತೆ ಎಷ್ಟೇ ಇರಲಿ, ಹೆಚ್ಚುವರಿ ಹಣ ಕೊಡದಿದ್ದರೆ ಸೆಕೆಂಡಿಗೆ 3,000 ಕೆಲಸ ಮತ್ತು 125 ಎಂಬಿ ಮಾತ್ರ ಕೊಡುತ್ತದೆ. 7.5 ಟಿಬಿ ಲೋಕಲ್ ಡಿಸ್ಕಿರುವ ಐ4ಐ ಸರ್ವರ್ ಒಂದು ಖಾಲಿಯಾದರೆ ಆ ವೇಗದಲ್ಲಿ ತುಂಬಲು ಹದಿನಾರೂವರೆ ಗಂಟೆಗೂ ಹೆಚ್ಚು ಬೇಕು, ಅಷ್ಟೂ ಹೊತ್ತು ಬಳಕೆದಾರರ ಓದಿಗೆ ಉಳಿಯುವುದು ಆ 3,000ದಲ್ಲಿ ಮಿಕ್ಕ ಪಾಲು. ಪರೀಕ್ಷಾ ಕ್ಲಸ್ಟರ್‌ನಲ್ಲಿ ನಿಜವಾದ ಹೊರೆ ಹಾಕಿ, ಒಂದು ನೋಡನ್ನು ಬೇಕೆಂದೇ ನಿಲ್ಲಿಸಿ ಎಬ್ಬಿಸಿ, ಆ ಗಂಟೆಗಳ ತಡವನ್ನು ಅಳೆದ ನಂತರವೇ ಖರೀದಿಯ ಗುಂಡಿ ಒತ್ತುವುದು ಸರಿ.